ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಕನ್ನಡ ಪಠ್ಯ ಕಲೆಹಾಕಿ, ಹಸನು ಮಾಡಿ, ಯಂತ್ರಕಲಿಕೆಗೆ ಒದಗಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಸುದ್ದಿಗಳನ್ನು ಕ್ರೀಡೆ, ರಾಜಕೀಯ, ಸಿನಿಮಾ ಎಂದು ವಿಂಗಡಿಸುವ ಮಾಡೆಲ್ ಒಂದನ್ನು ಕಟ್ಟಿದೆವು. ಪರೀಕ್ಷೆಯಲ್ಲಿ ಬೆರಗಾಗುವಷ್ಟು ಅಂಕ ಬಂತು. ಅದೇ ದಿನದ ಸುದ್ದಿ ಕೊಟ್ಟರೆ ಮುಗ್ಗರಿಸಿತು. ಕೆದಕಿ ನೋಡಿದಾಗ, ಕಲಿಸಲು ಕೊಟ್ಟ ಸುದ್ದಿಗಳಲ್ಲಿ ಎಷ್ಟೋ ಪರೀಕ್ಷೆಯ ಕಡತದಲ್ಲೂ ಇದ್ದವು. ಎರಡೂ ಕಡತಗಳನ್ನು ಮೊದಲೇ ಹೋಲಿಸಿದ್ದೆವು. ಒಂದು ಸಾಲೂ ತಾಳೆಯಾಗಿರಲಿಲ್ಲ. ಯಾಕೆ ಹೀಗಾಯಿತೆಂದು ಹುಡುಕುತ್ತಾ ಹೋಗಿ ಕಲಿತದ್ದು ಇದು.

1. ಹೋಲಿಸುವ ಮೊದಲು ಅಕ್ಷರ ಸರಿಪಡಿಸಿ.
‘ಕೊಡು’ ಎಂಬಲ್ಲಿನ ‘ಕೊ’ ಅಕ್ಷರವನ್ನು ‘ಕ’ ಮತ್ತು ‘ೊ’ ಎಂಬ ಎರಡು ಸಂಕೇತಗಳಲ್ಲಿ ಬರೆಯಬಹುದು. ‘ಕ’, ‘ೆ’, ‘ೂ’ ಎಂಬ ಮೂರರಲ್ಲೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣದು, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ. ಯೂನಿಕೋಡಿನ ಎನ್‌ಎಫ್‌ಸಿ ನಾರ್ಮಲೈಸೇಶನ್ ಇದನ್ನು ಸರಿಮಾಡುತ್ತದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆವು, ಮುಗಿದಿರಲಿಲ್ಲ. ‘ಕಂಪ್ಯೂಟರ್’ ಮತ್ತು ‘ಕ೦ಪ್ಯೂಟರ್’ ಎರಡನ್ನೂ ದಿಟ್ಟಿಸಿ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ ಅಂಕಿ. ಹಳೆಯ ಫಾಂಟುಗಳಿಂದ ಬದಲಾಯಿಸಿದ ಪಠ್ಯದಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ, ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ‘ರ‍್ಯಾಂಕ್’ ಪದದಲ್ಲಿ ಅಡಗಿರುವ, ಕಣ್ಣಿಗೆ ಕಾಣದ ಜಾಯಿನರ್ ಕೆಲವು ಕಡೆ ಹಲಂತದ ಮೊದಲು ಬರುತ್ತದೆ, ಕೆಲವು ಕಡೆ ಆಮೇಲೆ. ಇಂಥ ಕಾಣದ ಸಂಕೇತಗಳನ್ನೆಲ್ಲ ಹೋಲಿಕೆಗೆಂದೇ ಮಾಡಿಕೊಂಡ ಇನ್ನೊಂದು ಪ್ರತಿಯಲ್ಲಿ ತೆಗೆಯಿರಿ. ಮೂಲದಲ್ಲಿ ತೆಗೆದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ, ಪಠ್ಯ ಕೆಡುತ್ತದೆ.

2. ಪದ ಬಿಟ್ಟು ಅಕ್ಷರ ಹಿಡಿಯಿರಿ.
2020ರಲ್ಲಿ ಜಿಪಿಟಿ-3 ಕಟ್ಟಿದವರು ಕಲಿಕೆಯ ಪಠ್ಯದಲ್ಲಿ ಪರೀಕ್ಷೆಯ ಪ್ರಶ್ನೆಗಳು ನುಸುಳಿವೆಯೇ ಎಂದು ನೋಡಲು ಬಹುಮಟ್ಟಿಗೆ 13 ಪದಗಳ ಸರಣಿಯನ್ನು ಅಳತೆಯಾಗಿ ಇಟ್ಟುಕೊಂಡರು. ಕನ್ನಡದಲ್ಲಿ ಎಷ್ಟೋ ವಾಕ್ಯಗಳು ಏಳೆಂಟು ಪದಕ್ಕೇ ಮುಗಿಯುತ್ತವೆ. ಮೇಲಾಗಿ ‘ಮನೆಯಲ್ಲಿ ಇದ್ದಾರೆ’ ಎಂದು ಒಬ್ಬರು ಬರೆದರೆ ಇನ್ನೊಬ್ಬರು ‘ಮನೆಯಲ್ಲಿದ್ದಾರೆ’ ಎನ್ನುತ್ತಾರೆ. ಪದ ಎಣಿಸಿದರೆ ಒಂದು ಸಂಧಿ ಸಾಕು, ಇಡೀ ಹೊಂದಿಕೆ ತಪ್ಪುತ್ತದೆ. ನಾವು ಪದಗಳ ನಡುವಿನ ಜಾಗ ತೆಗೆದು, ಐದೈದು ಅಕ್ಷರಗಳ ತುಣುಕು ಮಾಡಿ, ಎರಡು ಬರಹಗಳಲ್ಲಿ ಸಮಾನ ತುಣುಕು ಎಷ್ಟಿವೆ ಎಂದು ನೋಡುತ್ತೇವೆ. ಲಕ್ಷ ಬರಹಗಳನ್ನು ಇನ್ನೊಂದು ಲಕ್ಷದ ಜೊತೆ ನೇರವಾಗಿ ಹೋಲಿಸಲು ಹೊರಟರೆ ಸಾವಿರ ಕೋಟಿ ಜೋಡಿಗಳಾಗುತ್ತವೆ. ಇಲ್ಲಿ ಕೈಹಿಡಿಯುವುದು ಆಂಡ್ರೈ ಬ್ರಾಡರ್ 1997ರಲ್ಲಿ ಪ್ರಕಟಿಸಿದ ಮಿನ್‌ಹ್ಯಾಶ್ ವಿಧಾನ. ಪ್ರತಿ ಬರಹಕ್ಕೂ ಒಂದು ಚಿಕ್ಕ ಗುರುತು ಮಾಡಿಟ್ಟುಕೊಂಡು ಆ ಗುರುತುಗಳನ್ನಷ್ಟೇ ಹೋಲಿಸುವ ಉಪಾಯ ಅದು.

3. ನಕಲು ಗುರುತಿಸಿದ ಮೇಲೆಯೇ ಕಡತ ಹಂಚಿ.
ನಾವು ಎಡವಿದ್ದು ಇಲ್ಲೇ. ಸುದ್ದಿಸಂಸ್ಥೆಯ ಒಂದೇ ವರದಿ ನಾಲ್ಕು ಪತ್ರಿಕೆಗಳಿಗೆ ಹೋಗುತ್ತದೆ. ಒಬ್ಬರು ತಲೆಬರಹ ಬದಲಿಸುತ್ತಾರೆ, ಇನ್ನೊಬ್ಬರು ಕೊನೆಯ ಪ್ಯಾರಾ ಕತ್ತರಿಸುತ್ತಾರೆ. ಇವಕ್ಕೆಲ್ಲ ಒಂದೇ ಗುಂಪಿನ ಸಂಖ್ಯೆ ಕೊಟ್ಟು, ಇಡೀ ಗುಂಪನ್ನು ಕಲಿಕೆಗೋ ಪರೀಕ್ಷೆಗೋ ಒಂದೇ ಕಡೆಗೆ ಹಾಕಬೇಕು. ಜಗತ್ತೆಲ್ಲ ಬಳಸಿದ ಸಿಫಾರ್-100 ಚಿತ್ರಸಂಗ್ರಹದಲ್ಲೂ ಪರೀಕ್ಷೆಯ ಚಿತ್ರಗಳಲ್ಲಿ ಶೇ 10ರಷ್ಟಕ್ಕೆ ಕಲಿಕೆಯ ಕಡತದಲ್ಲಿ ಜೋಡಿಗಳಿದ್ದವೆಂದು ಜರ್ಮನಿಯ ಬಾರ್ಟ್ಸ್ ಮತ್ತು ಡೆನ್‌ಟ್ಸ್ಲರ್ 2020ರಲ್ಲಿ ತೋರಿಸಿದರು.

4. ಅನುವಾದದ ಜೋಡಿಗಳಾದರೆ ಎರಡು ಬದಿಯನ್ನೂ ಬೇರೆ ಬೇರೆ ನೋಡಿ.
ಕನ್ನಡದ ಸಾಲು ಹೊಸದಿರಬಹುದು, ಆದರೆ ಅದರ ಇಂಗ್ಲಿಷ್ ಸಾಲು ಇನ್ನೊಬ್ಬರ ಅನುವಾದದ ಜೊತೆ ಕಲಿಕೆಯ ಕಡತದಲ್ಲಿ ಇರಬಹುದು. ಅನುವಾದದ ಮಾಡೆಲ್‌ಗಳನ್ನು ಅಳೆಯುವ ಫ್ಲೋರೆಸ್ ಪರೀಕ್ಷಾ ಸಂಗ್ರಹದ ಇಂಗ್ಲಿಷ್ ವಾಕ್ಯಗಳು ವಿಕಿನ್ಯೂಸ್, ವಿಕಿವಾಯೇಜ್‌ನಂಥ ಎಲ್ಲರಿಗೂ ಸಿಗುವ ತಾಣಗಳಿಂದಲೇ ಬಂದವು.

5. ಮತ್ತೆ ಬಂದದ್ದೆಲ್ಲ ತಪ್ಪಲ್ಲ.
‘ಧನ್ಯವಾದಗಳು’ ಸಾವಿರ ಸಲ ಬರಲಿ, ಜನ ಮಾತಾಡುವುದೇ ಹಾಗೆ. ಕೆಆರ್‌ಎಸ್ ನೀರಿನ ಮಟ್ಟದ ಸುದ್ದಿ ನೋಡಿ. ಗರಿಷ್ಠ ಮಟ್ಟ 124.80 ಅಡಿ ಎಂಬ ಸಾಲು ದಿನವೂ ಇರುತ್ತದೆ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಮಾತ್ರ ಬದಲಾಗುತ್ತವೆ. ಭಾಷೆ ಕಲಿಸಲು ಅವುಗಳಲ್ಲಿ ಹತ್ತು ಸಾಕು. ನೀರಿನ ಲೆಕ್ಕ ಬೇಕಾದವರಿಗೆ ಒಂದು ದಿನದ್ದೂ ತಪ್ಪಬಾರದು. ಅದಕ್ಕೇ ನಾವು ನಕಲನ್ನು ಅಳಿಸುವುದಿಲ್ಲ, ಗುರುತು ಹಾಕಿ ಇಡುತ್ತೇವೆ.

6. ಗಡಿಯಲ್ಲಿರುವ ಜೋಡಿಗಳನ್ನು ಕೂತು ಓದಿ.
ತುಣುಕುಗಳೆಲ್ಲ ಒಂದೇ ಆದರೆ ಹೋಲಿಕೆ 1, ಏನೂ ಸೇರದಿದ್ದರೆ 0; ಅದು 0.8 ದಾಟಿದರೆ ನಕಲು ಎಂದು ಇಟ್ಟುಕೊಂಡಿದ್ದೇವೆ. ಅದರ ಆಚೀಚೆ ಇರುವ ಐವತ್ತು ಜೋಡಿಗಳನ್ನು ಪ್ರತಿ ಸಲವೂ ಇಬ್ಬರು ಓದುತ್ತೇವೆ. ಹಾಗೆ ಓದುವಾಗ ಒಮ್ಮೆ ಉದ್ದನೆಯ ಎರಡು ವಾಕ್ಯ ಸಿಕ್ಕವು. ಊರು, ಯೋಜನೆ, ಇಲಾಖೆ ಎಲ್ಲವೂ ಒಂದೇ. ಒಂದರ ಕೊನೆಗೆ ‘ಹಣ ಬಿಡುಗಡೆಯಾಗಿದೆ’, ಇನ್ನೊಂದರ ಕೊನೆಗೆ ‘ಹಣ ಬಿಡುಗಡೆಯಾಗಿಲ್ಲ’. ಪ್ರೋಗ್ರಾಂ ಅವನ್ನು ನಕಲು ಎಂದಿತ್ತು. ಎರಡನ್ನೂ ಉಳಿಸಿಕೊಂಡೆವು.