ಎಸ್.ಎಸ್.ಎಲ್.ಸಿ. ಮುಗಿಯಿತು, ಮುಂದೇನು? ಬೆಳೆಗಾರರ ಮಕ್ಕಳ ವ್ಯಾಸಂಗದ ಬಗ್ಗೆ ಕೆಲವು ವಿಚಾರ

ಒಂದು ಅಡಿಕೆ ಸಸಿ ನೆಡುವುದಕ್ಕೆ ಮುಂಚೆ ನಾವು ಎಷ್ಟೊಂದು ವಿಚಾರ ಮಾಡುತ್ತೇವೆ! ತಾಯಿಮರ ಎಂಥದು, ಬೀಜದಡಿಕೆ ಎಲ್ಲಿಯದು, ಬಸಿಗಾಲುವೆ ಸರಿಯಿದೆಯೆ, ಪಡುವಣ ಬಿಸಿಲು ಬೀಳುತ್ತದೆಯೆ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು, ಒಮ್ಮೆ ನಿಂತ ಮರ ನಮ್ಮ ಕಾಲದಾಚೆಗೂ ನಿಲ್ಲುತ್ತದೆ ಎಂಬ ಅರಿವು ನಮಗಿದೆ. ಆದರೆ ಮನೆಯ ಮಗನೋ ಮಗಳೋ ಎಸ್.ಎಸ್.ಎಲ್.ಸಿ. ಮುಗಿಸಿದಾಗ, ಅಷ್ಟೇ ದೀರ್ಘಕಾಲದ ನಿರ್ಧಾರವನ್ನು ಒಂದು ವಾರದೊಳಗೆ, ಕಾಲೇಜಿನ ಅರ್ಜಿ ಕೊಳ್ಳುವ ಸಾಲಿನಲ್ಲಿ ನಿಂತು ಮಾಡಿ ಮುಗಿಸುತ್ತೇವೆ. ಈ ವಿಷಯದಲ್ಲಿ ನಮ್ಮ ಸದಸ್ಯ ಬಾಂಧವರು ಗಮನಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಎರಡು ರೂಢಿಗಳು

ಮೊದಲನೆಯದು, ಈ ವರ್ಷದ ಧಾರಣೆ ನೋಡಿ ಓದನ್ನು ಆರಿಸುವ ರೂಢಿ. 2003ರ ಸುಮಾರಿಗೆ ವೆನಿಲ್ಲಾ ಬೆಲೆ ಕಂಡು ಕೇಳರಿಯದಷ್ಟು ಏರಿದ್ದು ಎಲ್ಲರಿಗೂ ನೆನಪಿದೆ. ಬಳ್ಳಿ ಹೂಬಿಡಲು ಮೂರು ವರ್ಷ ಬೇಕು. ಬೆಲೆ ನೋಡಿ ನೆಟ್ಟವರ ಬಳ್ಳಿ ಕೋಡು ಕಟ್ಟುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ವಿದ್ಯಾಭ್ಯಾಸದಲ್ಲಿಯೂ ಹೀಗೇ ನಡೆದಿದೆ. ಒಂದು ಕಾಲಕ್ಕೆ ಡಿ.ಎಡ್. ಸೀಟಿಗೆ ನೂಕುನುಗ್ಗಲಿತ್ತು. 2010ರ ನಂತರದ ವರ್ಷಗಳಲ್ಲಿ ಎಷ್ಟೋ ಡಿ.ಎಡ್. ಕಾಲೇಜುಗಳು ವಿದ್ಯಾರ್ಥಿಗಳಿಲ್ಲದೆ ಬಾಗಿಲು ಹಾಕಿದವು. ಇಂದು ಪಿ.ಯು.ಸಿ.ಗೆ ಸೇರುವ ಹುಡುಗ ಕೆಲಸ ಹುಡುಕುವುದು ಆರೇಳು ವರ್ಷಗಳ ನಂತರ. ಆಗಿನ ಪೇಟೆಯನ್ನು ಇಂದೇ ಹೇಳಬಲ್ಲವರು ಯಾರೂ ಇಲ್ಲ. ಆದುದರಿಂದ ಪೇಟೆ ತಿರುಗಿದರೆ ತಾನೂ ತಿರುಗಿಕೊಳ್ಳಬಲ್ಲಂಥ ಓದೇ ಒಳ್ಳೆಯ ಓದು.

ಎರಡನೆಯ ರೂಢಿ ಇನ್ನೂ ಹೆಚ್ಚು ನಷ್ಟದ್ದು. ಅಂಕ ಬಂದವನು ಊರು ಬಿಡಬೇಕು, ಅಂಕ ಬಾರದವನು ತೋಟ ನೋಡಿಕೊಳ್ಳಬೇಕು ಎಂದು ನಾವೇ ಮಕ್ಕಳೆದುರು ಹೇಳುತ್ತೇವೆ. ‘ಓದದಿದ್ದರೆ ತೋಟವೇ ಗತಿ’ ಎಂದು ಗದರಿಸುತ್ತೇವೆ. ಹೀಗೆ ಹತ್ತು ವರ್ಷ ಕೇಳಿ ಬೆಳೆದ ಹುಡುಗನಿಗೆ ತೋಟವೆಂದರೆ ಶಿಕ್ಷೆ ಎನಿಸಿದರೆ ಆಶ್ಚರ್ಯವೇನು? ಮುಂದೆ ಅವನೇ ತೋಟಕ್ಕೆ ಬಂದಾಗ ಮನಸ್ಸಿಲ್ಲದ ಮನಸ್ಸಿನಿಂದ ಬರುತ್ತಾನೆ. ಬಾರದಿದ್ದರೆ ತಂದೆ ತಾಯಿ ಇಬ್ಬರೇ ಉಳಿಯುತ್ತಾರೆ. ಮಲೆನಾಡಿನಲ್ಲಿ ಇಂಥ ಮನೆಗಳು ಎಷ್ಟಿವೆ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ

ಒಂದು ಕೋರ್ಸನ್ನು ಆರಿಸುವಾಗ ಅದರಿಂದ ಏನು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದರಿಂದ ಯಾವ ದಾರಿ ಮುಚ್ಚುತ್ತದೆ ಎಂದು ಕೇಳುವವರು ಕಡಿಮೆ. ಎರಡನ್ನೂ ಕೇಳಬೇಕು.

ಪಿ.ಯು.ಸಿ. ವಿಜ್ಞಾನ: ಇಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರವನ್ನೋ ಕಂಪ್ಯೂಟರ್ ವಿಜ್ಞಾನವನ್ನೋ ತೆಗೆದುಕೊಳ್ಳುವುದುಂಟು. ಈ ನಾಲ್ಕನೆಯ ವಿಷಯದ ಆಯ್ಕೆಯನ್ನು ಹಗುರವಾಗಿ ಕಾಣಬಾರದು. ಜೀವಶಾಸ್ತ್ರ ಬಿಟ್ಟವರಿಗೆ ವೈದ್ಯಕೀಯ, ಪಶುವೈದ್ಯಕೀಯ, ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ ಇವೆಲ್ಲದರ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಗಣಿತ, ಜೀವಶಾಸ್ತ್ರ ಎರಡನ್ನೂ ಓದಿದವರಿಗೆ ಇಂಜಿನಿಯರಿಂಗ್ ದಾರಿಯೂ ತೆರೆದೇ ಇರುತ್ತದೆ. ಇನ್ನೂ ತೀರ್ಮಾನವಾಗದ ಮಕ್ಕಳಿಗೆ, ಓದಿನ ಭಾರ ಹೊರಲು ಶಕ್ತಿಯಿದ್ದರೆ, ಇದೇ ಕ್ಷೇಮ.

ವಾಣಿಜ್ಯ: ಇದರಿಂದ ಬಿ.ಕಾಂ., ಬ್ಯಾಂಕು, ಲೆಕ್ಕಪರಿಶೋಧನೆ, ಸಹಕಾರ ಸಂಸ್ಥೆಗಳ ಆಡಳಿತ ಎಲ್ಲಕ್ಕೂ ದಾರಿಯಿದೆ. ಸಿ.ಎ. ಪರೀಕ್ಷೆಯ ಮೊದಲ ಹಂತವನ್ನು ಪಿ.ಯು.ಸಿ. ಆದ ಮೇಲೆಯೇ ಬರೆಯಬಹುದು. ವಿಜ್ಞಾನ ಓದಿದವರು ಆಮೇಲೆ ವಾಣಿಜ್ಯಕ್ಕೆ ಬರಬಹುದು. ವಾಣಿಜ್ಯದಿಂದ ವಿಜ್ಞಾನಕ್ಕೆ ಮರಳುವುದು ಕಷ್ಟ.

ಕಲೆ: ಇದು ಬೇರೆಲ್ಲೂ ಸೀಟು ಸಿಗದವರ ವಿಭಾಗವೆಂದು ತಿಳಿಯುವುದು ತಪ್ಪು. ಪಿ.ಯು.ಸಿ.ಯಲ್ಲಿ ಯಾವ ವಿಭಾಗ ಓದಿದ್ದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಯಾವ ಪದವಿಯಾದರೂ ಸಾಕು. ಭಾಷೆ, ಇತಿಹಾಸಗಳಲ್ಲಿ ನಿಜವಾದ ಆಸಕ್ತಿಯುಳ್ಳ ಹುಡುಗಿಯನ್ನು ಬಲವಂತದಿಂದ ವಿಜ್ಞಾನಕ್ಕೆ ತಳ್ಳಿ ಎರಡು ವರ್ಷ ಕಳೆಯುವುದರಲ್ಲಿ ಅರ್ಥವಿಲ್ಲ.

ಪಾಲಿಟೆಕ್ನಿಕ್ ಮತ್ತು ಐ.ಟಿ.ಐ.: ಎಸ್.ಎಸ್.ಎಲ್.ಸಿ. ಆದ ಮೇಲೆ ನೇರವಾಗಿ ಮೂರು ವರ್ಷದ ಡಿಪ್ಲೊಮಾ ಸೇರಬಹುದು. ಡಿಪ್ಲೊಮಾ ಪಡೆದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ. ಐ.ಟಿ.ಐ.ಯಲ್ಲಿ ಎಲೆಕ್ಟ್ರೀಷಿಯನ್, ಫಿಟ್ಟರ್ ತರಬೇತಿಗಳು ಎರಡು ವರ್ಷದವು. ವೆಲ್ಡರ್, ಡೀಸೆಲ್ ಮೆಕ್ಯಾನಿಕ್ ತರಬೇತಿಗಳು ಒಂದು ವರ್ಷದವು. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಹೋಗಬಹುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ದಾರಿ ಇಲ್ಲಿಯೂ ಇದೆ. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ತುಂತುರು ನೀರು ಹಾಯಿಸುವಾಗ ಪಂಪುಸೆಟ್ಟು ನಿಂತು, ಪೇಟೆಯಿಂದ ಮೆಕ್ಯಾನಿಕ್ ಬರುವವರೆಗೆ ಮೂರು ದಿನ ಕಾದವರಿಗೆ ಈ ಕೈಕಸುಬಿನ ಬೆಲೆ ಗೊತ್ತು.

ಕೃಷಿ ಡಿಪ್ಲೊಮಾ: ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ಎಸ್.ಎಸ್.ಎಲ್.ಸಿ. ಆದವರಿಗೆ ಕನ್ನಡ ಮಾಧ್ಯಮದಲ್ಲಿ ಎರಡು ವರ್ಷದ ಡಿಪ್ಲೊಮಾ ನಡೆಸುತ್ತ ಬಂದಿವೆ. ತೋಟದಲ್ಲೇ ನಿಲ್ಲಬೇಕೆಂದಿರುವ ಮಕ್ಕಳಿಗೆ ಇದು ಅನುಕೂಲವಾದ ಓದು.

ತೋಟಕ್ಕೆ ಓದು ಬೇಡವೆ?

ನಮ್ಮ ಬೆಳೆಗಳ ಚರಿತ್ರೆಯೇ ಇದಕ್ಕೆ ಉತ್ತರ. ಕೆನಡಾದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಅಡಿಕೆ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಇಂದಿಗೂ ಮಳೆಗಾಲಕ್ಕೆ ಮುಂಚೆ ನಾವು ಮೈಲುತುತ್ತು, ಸುಣ್ಣ ಕದಡುವುದು ಆ ಓದಿನ ಫಲವಾಗಿಯೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿಯೂ, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಲ್ಲಿಯೂ ಆರಂಭವಾದವು. ಇಷ್ಟಾದರೂ ಕಾಂಡಕೊರಕ, ಹಳದಿ ಎಲೆರೋಗ, ಎಲೆಚುಕ್ಕಿ ರೋಗಗಳ ಕಾಟ ಮುಗಿದಿಲ್ಲ. ಇವುಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳು ತೋಟದ ಮನೆಗಳಿಂದಲೇ ಬಂದರೆ ಎಷ್ಟು ಚೆನ್ನ!

ವ್ಯಾಪಾರದ ಮಾತೂ ಹೀಗೆಯೇ. 1942ರ ಕಾಫಿ ಕಾಯಿದೆಯ ಕಾಲದಲ್ಲಿ ಬೆಳೆಗಾರನು ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದನು. 1992ರಿಂದ ಆ ಪದ್ಧತಿ ಸಡಿಲವಾಗುತ್ತ ಬಂದು, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಈಗ ಯಾವಾಗ ಮಾರಬೇಕು, ಯಾರಿಗೆ ಮಾರಬೇಕು, ಔಟ್‌ಟರ್ನ್ ಎಷ್ಟು, ತೇವಾಂಶಕ್ಕೆ ಎಷ್ಟು ಕಳೆದರು ಎಂಬ ಲೆಕ್ಕವೆಲ್ಲ ನಮ್ಮದೇ. ಈ ಲೆಕ್ಕ ಬಾರದವರು ಒಂದೇ ಮಾರಾಟದಲ್ಲಿ ಕಳೆದುಕೊಳ್ಳುವ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ವರ್ಷದ ಖರ್ಚು ನಡೆದೀತು. ಬಿ.ಕಾಂ. ಓದಿದ ಮಗ ತೋಟಕ್ಕೆ ಬಂದರೆ ಓದು ವ್ಯರ್ಥವಾಯಿತೆಂದು ಮರುಗುವವರು ಇದನ್ನು ಗಮನಿಸಬೇಕು. ವಿಜ್ಞಾನ ಪದವಿ ಪಡೆದವರಿಗೆ ಕಾಫಿ ಮಂಡಳಿಯೇ ಕಾಫಿ ಗುಣಮಟ್ಟದ ಬಗ್ಗೆ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ರುಚಿ ಪರೀಕ್ಷೆ ಈಗ ಒಂದು ಉದ್ಯೋಗವೇ ಆಗಿದೆ.

ಬೆಳೆಗಾರರ ಮಕ್ಕಳಿಗೆ ಇನ್ನೊಂದು ಅನುಕೂಲವುಂಟು. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದು ಸೀಟುಗಳನ್ನು ಕಾದಿರಿಸುತ್ತಾರೆ. ಇದಕ್ಕೆ ಸಿ.ಇ.ಟಿ.ಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೊಂದಿದೆ. ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸುವಂಥ ಪ್ರಶ್ನೆಗಳು ಅದರಲ್ಲಿರುತ್ತವೆ. ರಜೆಯಲ್ಲಿ ತೋಟ ಸುತ್ತಿದ ಮಕ್ಕಳಿಗೆ ಇದು ಕಷ್ಟವಲ್ಲ. ಆದರೆ ಜಮೀನು, ಆದಾಯಗಳ ಪ್ರಮಾಣಪತ್ರಗಳು ಸಕಾಲದಲ್ಲಿ ಸಿದ್ಧವಿರಬೇಕು. ಕೊನೆಯ ವಾರದಲ್ಲಿ ತಾಲ್ಲೂಕು ಕಛೇರಿಗೆ ಓಡಿದರೆ ಪ್ರಯೋಜನವಿಲ್ಲ.

ಹೆಣ್ಣುಮಕ್ಕಳ ವಿಷಯ

ಮಗಳಿಗೆ ಹೇಗೂ ಮದುವೆಯಾಗುತ್ತದೆ, ಹತ್ತಿರದ ಕಾಲೇಜಿನಲ್ಲಿ ಯಾವುದೋ ಒಂದು ಓದಿದರಾಯಿತು ಎಂಬ ಮಾತು ಇನ್ನೂ ಕೇಳಿಬರುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಬಂದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಹಕ್ಕುದಾರಳು. ಆದುದರಿಂದ ತೋಟದ ಲೆಕ್ಕಪತ್ರ, ಕೆಲಸಕಾರ್ಯ ಅವಳಿಗೂ ತಿಳಿದಿರಬೇಕು. ಓದಿನ ಖರ್ಚಿಗೆ ಹಣ ಹೊಂದಿಸುವಾಗ ಮಗನಿಗೊಂದು ಅಳತೆ, ಮಗಳಿಗೊಂದು ಅಳತೆ ಇಡಬಾರದು.

ಹಣದ ಲೆಕ್ಕ

ಒಂದೆರಡು ಎಕರೆಯವರು ಲಕ್ಷಾಂತರ ಡೊನೇಶನ್ ಕೊಟ್ಟು ಸೀಟು ಹಿಡಿಯುವ ಮೊದಲು ಎರಡು ಬಾರಿ ಯೋಚಿಸಬೇಕು. ತೋಟ ಅಡವಿಟ್ಟು ಕೈಸಾಲ ಮಾಡುವುದಂತೂ ಕೊನೆಯ ದಾರಿ. ಬ್ಯಾಂಕುಗಳ ವಿದ್ಯಾಭ್ಯಾಸ ಸಾಲದ ಮಾದರಿ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗೆ ಸಾಮಾನ್ಯವಾಗಿ ಆಸ್ತಿಯನ್ನು ಅಡಮಾನ ಮಾಡಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಆರಂಭವಾಗುತ್ತದೆ. ಸಾಲ ಮಾಡುವ ಮುನ್ನ ಹಾಸ್ಟೆಲು, ಊಟ, ಬಸ್ಸು, ಪುಸ್ತಕ ಸೇರಿಸಿ ಪೂರ್ತಿ ಅವಧಿಯ ಖರ್ಚನ್ನು ಕಾಗದದ ಮೇಲೆ ಬರೆಯಿರಿ. ಮೊದಲ ವರ್ಷದ ಫೀಜನ್ನಷ್ಟೇ ನೋಡಿ ಹೊರಟವರು ಮೂರನೆಯ ವರ್ಷ ಕೈಸೋತು ನಿಂತಾಗ ಓದೂ ಅರ್ಧಕ್ಕೆ, ಸಾಲವೂ ತಲೆಯ ಮೇಲೆ.

ಮನೆಯಲ್ಲಿ ಕುಳಿತು ಮಾಡಬೇಕಾದ ಅಭ್ಯಾಸ

ಅರ್ಜಿ ತುಂಬುವ ಮೊದಲು ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಬರೆಯುವವರು ವಿದ್ಯಾರ್ಥಿಯೇ ಆಗಿರಲಿ.

1. ಯಾರೂ ಹೇಳದೆಯೇ ನಾನು ಓದುವ ವಿಷಯ, ಮಾಡುವ ಕೆಲಸ ಯಾವುದು? ಕಳೆದ ಮೂರು ವರ್ಷಗಳಲ್ಲಿ ಯಾವ ವಿಷಯದಲ್ಲಿ ಒಂದೇ ಸಮನೆ ಒಳ್ಳೆಯ ಅಂಕ ಬಂದಿದೆ?

2. ಈ ಕೋರ್ಸು ಸೇರಿದರೆ ಮುಂದೆ ಯಾವ ಮೂರು ದಾರಿಗಳಿವೆ? ಯಾವುದು ಮುಚ್ಚುತ್ತದೆ?

3. ಎರಡನೆಯ ವರ್ಷ ಇದು ನನಗೆ ಹೊಂದುವುದಿಲ್ಲ ಎನಿಸಿದರೆ ಎಲ್ಲಿಗೆ ತಿರುಗಬಹುದು?

4. ಪೂರ್ತಿ ಖರ್ಚು ಎಷ್ಟು? ಬೆಳೆ ಕೈಕೊಟ್ಟ ವರ್ಷ ಅದು ಎಲ್ಲಿಂದ ಬರುತ್ತದೆ?

5. ನಮ್ಮ ತೋಟದ ಉತ್ಪನ್ನ ಎಷ್ಟು ಜನರನ್ನು ಸಾಕಬಲ್ಲದು? ನಾನು ತೋಟಕ್ಕೆ ಬಂದರೆ ಈ ಓದಿನಿಂದ ಅದಕ್ಕೆ ಏನು ಸೇರುತ್ತದೆ?

ಐದನೆಯ ಪ್ರಶ್ನೆಗೆ ತಂದೆಯವರು ಮುಚ್ಚುಮರೆಯಿಲ್ಲದೆ ಲೆಕ್ಕ ಕೊಡಬೇಕು. ಎಷ್ಟು ಕ್ವಿಂಟಲ್ ಅಡಿಕೆ, ಎಷ್ಟು ಮೂಟೆ ಕಾಫಿ, ಕೂಲಿಗೆ ಎಷ್ಟು ಹೋಯಿತು, ಸಂಘದಲ್ಲಿ ಸಾಲ ಎಷ್ಟಿದೆ ಎಂಬುದು ಹದಿನಾರು ವರ್ಷದ ಮಕ್ಕಳಿಗೆ ತಿಳಿಯಬಾರದ ಗುಟ್ಟಲ್ಲ. ತೋಟ ಒಬ್ಬರನ್ನೇ ಸಾಕಬಲ್ಲದಾದರೆ ಅದನ್ನು ಈಗಲೇ ಹೇಳುವುದು ಒಳ್ಳೆಯದು. ಇಬ್ಬರಲ್ಲಿ ಒಬ್ಬರು ಬೇರೆ ಉದ್ಯೋಗ ಹಿಡಿಯುವುದು ಆಗ ಇಬ್ಬರಿಗೂ ಒಪ್ಪಿಗೆಯ ಮಾತಾಗುತ್ತದೆ. ಮುಂದೆ ಹಿಸ್ಸೆಯ ಜಗಳಕ್ಕೆ ಕಾರಣವಾಗುವುದಿಲ್ಲ.

ಕಡಿಮೆ ಅಂಕ ಬಂದ ಅಥವಾ ನಪಾಸಾದ ಮಕ್ಕಳ ಬಗ್ಗೆ ಒಂದು ಮಾತು. ಅದೇ ವರ್ಷ ಮರುಪರೀಕ್ಷೆ ಬರೆಯಲು ಅವಕಾಶವಿದೆ. ಫಲಿತಾಂಶ ಬಂದ ದಿನ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ, ನೆಂಟರೆದುರು ಹೀನಾಯ ಮಾಡಬೇಡಿ. ಒಂದು ವರ್ಷದ ಬೆಳೆ ಕೊಳೆರೋಗಕ್ಕೆ ಹೋಯಿತೆಂದು ಯಾರೂ ಮರವನ್ನು ಕಡಿಯುವುದಿಲ್ಲ.

ಸೀಟು, ಶುಲ್ಕ, ಪ್ರವೇಶದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಸ್ವತಃ ಓದಿ, ಶಾಲೆಯ ಉಪಾಧ್ಯಾಯರಲ್ಲಿಯೂ ಆ ಕೋರ್ಸನ್ನು ಈಗಾಗಲೇ ಓದುತ್ತಿರುವ ಊರಿನ ಮಕ್ಕಳಲ್ಲಿಯೂ ವಿಚಾರಿಸಿ, ಆಮೇಲೆ ಅರ್ಜಿ ಹಾಕಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ಕೋರಿಕೆ.