ಪದ ಬರೆದರೆ ಸಾಲದು, ಹೊತ್ತನ್ನೂ ಬರೆ

ಮುತ್ತು,

ಪಂಚಾಯ್ತಿ ಲೈಬ್ರರಿಯ ಗೋಡೆಗೆ ನನ್ನದೇ ಬಿಳಿ ಪಂಚೆ ಕಟ್ಟಿ ನೀವು ಹುಡುಗರು ಸಿನಿಮಾ ತೋರಿಸಿದ ರಾತ್ರಿ, ತಾತ ಒಂದು ಮಾತೂ ಆಡದೆ ಎದ್ದುಹೋದ ಅಂತ ನೊಂದುಕೊಂಡೆಯಂತೆ. ಗಲ್ಲಾ ಜನರ ಸಿನಿಮಾ ಅಂದಾಗ ಅಂಗಡಿಯ ಗಲ್ಲಾಪೆಟ್ಟಿಗೆ ವಿಷಯವೇನೋ ಅಂದುಕೊಂಡು ಕೂತವನು ನಾನು. ಏಳುವಾಗ ಗಂಟಲು ಕಟ್ಟಿತ್ತು, ಅಷ್ಟೆ.

ಭತ್ತದ ಗದ್ದೆಯಲ್ಲಿ ದುಡಿಸಲೆಂದು ಆಫ್ರಿಕಾದಿಂದ ಅಮೆರಿಕದ ಕರಾವಳಿಗೆ ಹಿಡಿದು ತಂದವರ ಸಂತಾನ ಈ ಗಲ್ಲಾ ಜನ. ಜಾರ್ಜಿಯಾದ ಹ್ಯಾರಿಸ್ ನೆಕ್ ಎಂಬಲ್ಲಿ ಅಮೀಲಿಯಾ ಡಾಲಿ ಅನ್ನುವ ಹೆಣ್ಣುಮಗಳು ಹಾಡಿದ ಒಂದು ಪದವನ್ನು ಭಾಷಾಶಾಸ್ತ್ರಜ್ಞ ಲೊರೆಂಜೊ ಟರ್ನರ್ 1930ರ ದಶಕದಲ್ಲಿ ಧ್ವನಿಮುದ್ರಿಸಿಕೊಂಡರು. ಅದರ ಅರ್ಥ ಆಕೆಗೂ ಗೊತ್ತಿರಲಿಲ್ಲ. ಅದು ಮೆಂಡೆ ಭಾಷೆಯದು. ಸುಮಾರು ಅರುವತ್ತು ವರ್ಷದ ಮೇಲೆ ಸಿಯೆರಾ ಲಿಯೋನ್‌ನ ಒಂದು ಹಳ್ಳಿಯಲ್ಲಿ ಬೈಂಡು ಜಬಾಟಿ ಅನ್ನುವಾಕೆ ಅದೇ ಪದ ಹಾಡಿದರು, ಅಜ್ಜಿಯಿಂದ ಕಲಿತದ್ದು. 1997ರಲ್ಲಿ ಅಮೀಲಿಯಾರ ಮಗಳು ಮೇರಿ ಮೊರಾನ್ ಅಲ್ಲಿಗೇ ಹೋದರು.

ನೀವು ಚಪ್ಪಾಳೆ ತಟ್ಟಿದ್ದು ಅಲ್ಲಿಗೆ. ನನಗೆ ಚುಚ್ಚಿದ್ದು ಬೇರೆ. ಆಫ್ರಿಕಾದಲ್ಲಿ ಅದು ಸಾವಿನ ಪದ, ಗೋರಿಯ ಬಳಿ ಹೇಳುವಂಥದು. ಅಮೆರಿಕದಲ್ಲಿ ಮಕ್ಕಳನ್ನು ಆಡಿಸುವ ಪದವಾಗಿತ್ತು. ಪದ ಕಡಲು ದಾಟಿ ಬಂತು, ಅದರ ಹೊತ್ತು ಬರಲಿಲ್ಲ.

ಮೊನ್ನೆ ನೀನು ಅಜ್ಜಿಯ ಸೋಬಾನೆಯನ್ನು ಒಂದು ನಿಮಿಷ ಹಿಡಿದು ಸ್ಟೇಟಸ್‌ಗೆ ಹಾಕಿದೆ. ಅದು ಎಣ್ಣೆ ಒತ್ತುವಾಗಿನದೋ, ಹಸೆಗೆ ಕೂರಿಸುವಾಗಿನದೋ? ಯಾರಿಂದ ಕಲಿತಳು, ಅವರ ತವರು ಯಾವುದು? ಕೇಳಲಿಲ್ಲ. ಫೋನ್ ಹಿಡಿದು ಎದುರಿಗೆ ನಿಂತರೆ ಅವಳು ಹೇಳುವವಳೂ ಅಲ್ಲ. ಅವರೆಕಾಯಿ ಬಿಡಿಸಲು ಜೊತೆಗೆ ಕೂರು. ಕೈಗೆ ಕೆಲಸ ಸಿಕ್ಕಿದರೆ ಬಾಯಿಗೆ ಪದ ಬರುತ್ತದೆ. ನಡುವೆ ತಪ್ಪಿದರೆ ತಿದ್ದಬೇಡ, ಅವಳೇ ಹಿಂದಕ್ಕೆ ಹೋಗಿ ಎತ್ತಿಕೊಳ್ಳುತ್ತಾಳೆ. ನಿನ್ನ ಹೆಸರು ಯಾಕೆ ಮುತ್ತುರಾಜ ಅನ್ನುವುದನ್ನೂ ಕೇಳು. ರಾಜ್‌ಕುಮಾರ್ ಅವರಿಗೆ ಹೆತ್ತವರಿಟ್ಟದ್ದೂ ನಮ್ಮ ಮುತ್ತತ್ತಿಯ ದೇವರು ಮುತ್ತೆತ್ತರಾಯನ ಹೆಸರನ್ನೇ. ನಿನ್ನದು ದೇವರ ಹರಕೆಯೋ, ಸಿನಿಮಾದ ಹುಚ್ಚೋ, ಅಜ್ಜಿಯೇ ಹೇಳಲಿ.

ಸಿನಿಮಾದ ಆ ಹ್ಯಾರಿಸ್ ನೆಕ್‌ನವರನ್ನು 1942ರಲ್ಲಿ ಸೇನೆಯ ವಿಮಾನ ನೆಲೆಗಾಗಿ ಎಬ್ಬಿಸಿ ಕಳಿಸಿದರು. ಈಗ ಅದು ವನ್ಯಜೀವಿಧಾಮ. ನಮ್ಮ ಸುತ್ತಲೂ ಕಾವೇರಿ ವನ್ಯಧಾಮವಿದೆ. ಮೇಕೆದಾಟು ಅಣೆಕಟ್ಟು ಎದ್ದರೆ ಮುಳುಗುತ್ತವೆ ಎನ್ನುವ ಊರುಗಳಲ್ಲಿ ಮುತ್ತತ್ತಿಯ ಹೆಸರೂ ಇದೆ. ಹೆದರಿಸಲು ಹೇಳುತ್ತಿಲ್ಲ. ಜಾಗ ಹೋದಮೇಲೆ, ಯಾವ ಕಟ್ಟೆಯ ಮೇಲೆ ಯಾರು ಯಾವಾಗ ಹಾಡಿದರು ಅಂತ ಬೆರಳು ತೋರಿಸಿ ಹೇಳುವವರು ಇರುವುದಿಲ್ಲ.

ನನ್ನ ಅವ್ವ ರಾಗಿ ಬೀಸುವಾಗ ಹೇಳುತ್ತಿದ್ದ ಒಂದು ಪದದ ಧಾಟಿ ನನ್ನಲ್ಲಿದೆ, ಮೊದಲ ಸಾಲೂ ಇದೆ. ಎರಡನೆಯದು ಹೋಗಿದೆ. ಆ ರಾತ್ರಿ ಮನೆಗೆ ಬಂದು ಕತ್ತಲಲ್ಲಿ ಕೂತು ಎಷ್ಟು ಗುನುಗಿದರೂ ಬರಲಿಲ್ಲ. ಭಾನುವಾರ ಫೋನ್ ಚಾರ್ಜ್ ಮಾಡಿಕೊಂಡು ಬಾ, ಹಲಗೂರಿಗೆ ಹೋಗೋಣ. ಚಿಕ್ಕವ್ವನಿಗೆ ಆ ಸಾಲು ಗೊತ್ತಿರಬೇಕು. ಅವಳಿಗೆ ಎಂಬತ್ತೆಂಟು.