ಕುಲದಿಂದ ನಾಡಿಗೆ

ಹಳ್ಳಿಗೆ ಹೊಸಬನೊಬ್ಬನು ಬಂದರೆ ಜಗಲಿಯ ಮೇಲಿನ ಹಿರಿಯರು ಎರಡು ಪ್ರಶ್ನೆಗಳನ್ನು ಕೇಳುವುದುಂಟು: “ಯಾವೂರಪ್ಪ?”, “ಯಾರ ಪೈಕಿ?” ಮೊದಲನೆಯದು ನೆಲವನ್ನು ಕುರಿತದ್ದು, ಎರಡನೆಯದು ರಕ್ತಸಂಬಂಧವನ್ನು ಕುರಿತದ್ದು. ಇವುಗಳಲ್ಲಿ ಎರಡನೆಯದೇ ಹಳೆಯದು. ದನಕರುಗಳೊಡನೆ ಹುಲ್ಲು ನೀರುಗಳನ್ನು ಅರಸುತ್ತ ಅಲೆಯುವ ಜನಕ್ಕೆ ಇಂದಿನ ಬೀಡು ನಾಳೆಗಿಲ್ಲ. ಅವರೊಡನೆ ಸಾಗುವುದು ಕುಲವೊಂದೇ. ನೇಗಿಲು ನೆಲದಲ್ಲಿ ಊರಿದ ಮೇಲೆ ಈ ಸ್ಥಿತಿ ಮೆಲ್ಲಮೆಲ್ಲನೆ ಬದಲಾಯಿತು.

ಕ್ರಿ.ಶ. ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ‘ಕುಲ’ವೂ ಇದೆ, ‘ನಾಡು’ ಸಹ ಇದೆ. ಮುಂದಿನ ಶತಮಾನಗಳಲ್ಲಿ ಕುಲದ ಹೆಸರುಗಳೇ ನೆಲದ ಹೆಸರುಗಳಾದವು. ಗಂಗರಿಂದ ಗಂಗವಾಡಿ 96,000, ನೊಳಂಬರಿಂದ ನೊಳಂಬವಾಡಿ 32,000. ಈ ಸಂಖ್ಯೆಗಳು ಹಳ್ಳಿಗಳವೋ ಆದಾಯದವೋ ಎಂಬಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರಿಂದ ಗಂಗರ ಆಳ್ವಿಕೆ ಮುಗಿದ ಮೇಲೂ ಗಂಗವಾಡಿ ಎಂಬ ಹೆಸರು ಅಳಿಯಲಿಲ್ಲ. ಮನೆತನ ಹೋಯಿತು, ನಾಡು ಉಳಿಯಿತು.

ಹೊಯ್ಸಳರ ಕಥೆ ಇನ್ನೂ ಸ್ಪಷ್ಟವಾದುದು. ಇವರ ಮೂಲಸ್ಥಾನವಾದ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ‘ಮಲೆಪರೊಳ್ ಗಂಡ’ ಎಂಬುದು ಅವರ ಹಳೆಯ ಬಿರುದು. ಮಲೆನಾಡಿನ ಒಡೆಯರ ನಡುವೆ ಶೂರನೆಂದು ಅದರ ತಾತ್ಪರ್ಯ. ಹೆಮ್ಮೆಯೆಲ್ಲ ಜನರ ನಡುವಿನದು. 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದ ಮೇಲೆ ಚಿನ್ನದ ನಾಣ್ಯಗಳ ಮೇಲೆ ‘ತಲಕಾಡುಗೊಂಡ’, ‘ನೊಣಂಬವಾಡಿಗೊಂಡ’ ಎಂಬ ಬಿರುದುಗಳು ಬಂದವು. ಇಲ್ಲಿ ಹೆಮ್ಮೆಗೆ ಕಾರಣ ಗೆದ್ದ ನೆಲ. ಆದರೂ ಹಳೆಯ ಬಿರುದನ್ನು ಅವರು ಬಿಟ್ಟುಕೊಡಲಿಲ್ಲವೆಂಬುದು ಗಮನಾರ್ಹ.

ಅರಸರ ಬಿರುದುಗಳಿಗಿಂತಲೂ ಕೆರೆಗಳು ಈ ಕಾರ್ಯವನ್ನು ಹೆಚ್ಚಾಗಿ ಮಾಡಿದವೆಂದು ಹೇಳಬೇಕು. ಕಡೂರು ಸೀಮೆ ಮಲೆನಾಡಿನ ಮಗ್ಗುಲಲ್ಲಿದ್ದರೂ ಮಳೆಗೆ ಬಡವಾದ ಪ್ರದೇಶ. ಬಾಬಾಬುಡನ್ ಗಿರಿಯಿಂದ ಇಳಿದುಬರುವ ವೇದಾ ಹೊಳೆಯ ನೀರನ್ನು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯೂ, ಅವತಿಯ ನೀರನ್ನು ಮದಗದಕೆರೆಯೂ ಹಿಡಿದಿಡುತ್ತವೆ. ಇಂತಹ ಕೆರೆಯ ಏರಿಯನ್ನು ಒಂದೇ ಮನೆತನದವರು ಕಾಯಲಾರರು. ಏರಿ ಬಿರಿದರೆ ಎಲ್ಲರ ಗದ್ದೆಯೂ ಕೊಚ್ಚಿಹೋಗುತ್ತದೆ. ತೂಬಿನಿಂದ ಹೊರಟ ನೀರು ಕುಲವನ್ನು ಕೇಳದೆ ಇಳಿಜಾರನ್ನು ಅನುಸರಿಸುತ್ತದೆ. ಆದುದರಿಂದ ನೆಂಟರಲ್ಲದವರೂ ಒಂದೆಡೆ ಕುಳಿತು ಸರದಿಯನ್ನು ಗೊತ್ತುಮಾಡಬೇಕಾಯಿತು. ನೀರು ಬಿಡಲು ನೀರುಗಂಟಿಯನ್ನು ನೇಮಿಸಬೇಕಾಯಿತು. ನೆಂಟಸ್ತನವಿಲ್ಲದ ನೆರೆಹೊರೆ ಹೀಗೆ ಹುಟ್ಟಿತು.

ನೆಲಕ್ಕೆ ಬೆಲೆ ಬಂದೊಡನೆ ಎಲ್ಲೆಗೂ ಬೆಲೆ ಬಂದಿತು. ದಾನಶಾಸನಗಳು ಹುತ್ತ, ಹುಣಿಸೆಮರ, ಹಳ್ಳ, ಗುಂಡುಕಲ್ಲುಗಳನ್ನು ಹೆಸರಿಸಿ ಗಡಿಯನ್ನು ಗುರುತಿಸುತ್ತವೆ. ವೀರಗಲ್ಲುಗಳಲ್ಲಿ ತುರುಗೊಳಿನಲ್ಲಿ ದನ ಬಿಡಿಸಲು ಮಡಿದವರಿದ್ದಾರೆ, ಊರಳಿವಿನಲ್ಲಿ ಮಡಿದವರಿದ್ದಾರೆ, ಗಡಿಯ ಕಾಳಗದಲ್ಲಿ ಮಡಿದವರೂ ಇದ್ದಾರೆ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ‘ನೆತ್ತರುಕೊಡಗೆ’ ಎಂದು ಹೆಸರು. ಊರಿಗಾಗಿ ನೆತ್ತರು ಚೆಲ್ಲಿದವನ ಮಕ್ಕಳಿಗೆ ಊರಿನಲ್ಲಿ ಮಣ್ಣು!

ಚೀನಾದೇಶದಲ್ಲಿ ಇದೇ ಮಾರ್ಪಾಡು ರಾಜಾಜ್ಞೆಯಿಂದ ಆಯಿತು. ಅಲ್ಲಿ ಜೌ ಅರಸರು ರಾಜ್ಯವನ್ನು ಬಂಧುಗಳಿಗೆ ಹಂಚಿಕೊಟ್ಟು ಆಳುತ್ತಿದ್ದರು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಚಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗನು ಮನೆಗಳನ್ನು ಐದು ಹತ್ತರ ಗುಂಪುಗಳಾಗಿ ವಿಂಗಡಿಸಿ, ಒಬ್ಬರ ತಪ್ಪಿಗೆ ನೆರೆಯವರನ್ನೂ ಹೊಣೆಮಾಡಿದನು. ನಮ್ಮಲ್ಲಿ ಅಂತಹ ಕಠಿನವಾದ ಒಂದೇ ಆಜ್ಞೆ ಇರಲಿಲ್ಲ. ಕುಲವೂ ನಾಶವಾಗಲಿಲ್ಲ, ಅದು ಊರಿನೊಳಗೆ ಬಂದು ನೆಲಸಿತು. ಕಮ್ಮಾರ, ಬಡಗಿ, ಅಗಸ, ತಳವಾರ ಮೊದಲಾದ ಆಯಗಾರರು ಇಡೀ ಊರಿಗೆ ದುಡಿದು ಸುಗ್ಗಿಯಲ್ಲಿ ಕಣದ ಧಾನ್ಯವನ್ನು ಪಡೆಯುತ್ತಿದ್ದರು. ಆದರೆ ಆ ಕಸುಬು ತಂದೆಯಿಂದ ಮಗನಿಗೆ ಬರುತ್ತಿತ್ತು. ಇದರಿಂದ ಊರಿಗೆ ಅನುಕೂಲವಾಯಿತಾದರೂ, ಕೆಲವರನ್ನು ಹುಟ್ಟಿನ ಕಾರಣದಿಂದಲೇ ಊರ ಹೊರಗಿನ ಕೇರಿಯಲ್ಲಿ ಇರಿಸಿದ ಅನ್ಯಾಯವನ್ನು ಮರೆಯುವಂತಿಲ್ಲ.

ಹಳೆಯ ಮಾದರಿ ಪೂರ್ತಿ ಅಳಿದಿಲ್ಲ. ಕಡೂರು, ತರೀಕೆರೆ ಸೀಮೆಗಳಲ್ಲಿ ಊರುಗಳಿಂದ ಅನತಿದೂರದಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ, ಲಂಬಾಣಿಗರ ತಾಂಡಾಗಳಿವೆ. ಹಟ್ಟಿಯಲ್ಲಿ ಬೆಡಗು, ಕಟ್ಟೆಮನೆಗಳ ಕಟ್ಟಳೆ ಇಂದಿಗೂ ಬಲವಾದುದು. ಆದರೆ ಸರ್ಕಾರದ ಲೆಕ್ಕ ನಡೆಯುವುದು ನೆಲದ ಮೇಲೆ. ತಾವು ಹುಟ್ಟಿ ಬೆಳೆದ ಮನೆಗೆ ಹಕ್ಕುಪತ್ರವಿಲ್ಲದೆ, ಸಾಲಕ್ಕೂ ಸೌಲಭ್ಯಕ್ಕೂ ಪರದಾಡಿದ ಕುಟುಂಬಗಳು ನಾಡಿನಲ್ಲಿ ಎಷ್ಟೋ ಇದ್ದವು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಅನೇಕ ಹಟ್ಟಿ, ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ಹಕ್ಕುಪತ್ರ ನೀಡುವ ಕೆಲಸ ನಡೆದಿದೆ. ಆಗ ಭೂಮಾಪಕರು ಸರಪಳಿ ಹಿಡಿದು ಬಂದು ಮೊದಲು ಕೇಳುವುದು ಎಲ್ಲೆ ಯಾವುದೆಂದು. ಹಟ್ಟಿಯ ಹಿರಿಯರು ತಮ್ಮ ದೇವರ ಗುಡಿಯನ್ನೂ ಸುತ್ತಣ ಮುಳ್ಳುಬೇಲಿಯನ್ನೂ ತೋರಿಸುತ್ತಾರೆ.